ವರ್ಕ್‌ಶಾಪ್ ಗೋಡೆಯ ಇಟ್ಟಿಗೆ ಸಡಿಲವಾಗಿದೆಯೇ? ಕಾರಣ ಹುಡುಕಿ, ಬಿಚ್ಚಿ, ಮತ್ತೆ ಕಟ್ಟುವ ಬಗೆ

ನಮ್ಮ ಮನೆಯ ಹಿಂದಿನ ಸಣ್ಣ ವರ್ಕ್‌ಶಾಪ್‌ನಲ್ಲಿ, ವೈಸ್ (ಕೆಲಸದ ತುಂಡನ್ನು ಬಿಗಿಹಿಡಿಯುವ ಸಾಧನ) ಕೂರಿಸಿದ ಬೆಂಚಿನ ಹಿಂದೆ, ಏಳೆಂಟು ಇಟ್ಟಿಗೆಗಳು ಸಡಿಲವಾಗಿದ್ದವು. ಅಂಗೈ ಇಟ್ಟು ಒತ್ತಿದರೆ ಅಲುಗಾಡುವುದು ಗೊತ್ತಾಗುತ್ತಿತ್ತು. ಸಂದು ಕೆರೆದೆ, ಸಿಮೆಂಟು ತುಂಬಿದೆ, ಮೇಲೆ ಪ್ಲಾಸ್ಟರ್ ಎಳೆದೆ. ಒಂದು ಮಳೆಗಾಲ ಮುಗಿಯುವಷ್ಟರಲ್ಲಿ ಪ್ಲಾಸ್ಟರ್ ಉಬ್ಬಿ ಬಿಟ್ಟುಕೊಂಡಿತು. ಎರಡನೇ ಸಲ ಸಿಮೆಂಟು ಇನ್ನೂ ಜಾಸ್ತಿ ಹಾಕಿ ಗಟ್ಟಿ ಮಾಡಿದೆ. ಆಗ ಸಂದು ಉಳಿಯಿತು, ಇಟ್ಟಿಗೆಯ ಮುಖವೇ ಚಕ್ಕೆ ಚಕ್ಕೆಯಾಗಿ ಉದುರಿತು. ಮೂರನೇ ಸಲ ಬಿಚ್ಚಿ ಕಟ್ಟಲೇಬೇಕಾಯಿತು.

ಬಿಚ್ಚಿದಾಗ ಕಣ್ಣಿಗೆ ಬಿದ್ದದ್ದನ್ನು ಮೊದಲೇ ಹುಡುಕಿದ್ದರೆ ಎರಡು ಸಲದ ಕೆಲಸ ಉಳಿಯುತ್ತಿತ್ತು. ಇಟ್ಟಿಗೆ ತಾನಾಗಿ ಸಡಿಲವಾಗುವುದಿಲ್ಲ. ನೀರೋ, ಅದುರುವಿಕೆಯೋ, ಕೆಳಗಿನ ನೆಲವೋ, ಮೇಲಿನ ಭಾರವೋ ಅದನ್ನು ಸಡಿಲ ಮಾಡಿರುತ್ತದೆ. ಅದು ಯಾವುದೆಂದು ಗೊತ್ತಾಗುವ ತನಕ ಗಾರೆ ಕಲಸಬೇಡಿ.

ಕೈ ಹಚ್ಚುವ ಮೊದಲು

ಮೊದಲು ಗೋಡೆಯ ಮೇಲೆ ಏನು ಕೂತಿದೆ ನೋಡಿ. ಚಾವಣಿಯ ತೊಲೆಯೋ ಸ್ಲ್ಯಾಬೋ ಅದರ ಮೇಲೆ ನಿಂತಿದ್ದರೆ ಅದು ಭಾರ ಹೊರುವ ಗೋಡೆ. ಬರೀ ಮರೆಗೆ ಕಟ್ಟಿದ ನಾಲ್ಕೂವರೆ ಇಂಚಿನ ಗೋಡೆಯಲ್ಲಿ ತಾಳ್ಮೆಯಿಂದ ಮಾಡಿದರೆ ನಾವೇ ಮಾಡಿಕೊಳ್ಳುವ ಕೆಲಸ ಇದು. ಭಾರ ಹೊರುವ ಗೋಡೆಯಲ್ಲಿ ಒಂದೆರಡು ಇಟ್ಟಿಗೆ ಬದಲಿಸಬಹುದು, ಅದಕ್ಕಿಂತ ಹೆಚ್ಚಿಗೆ ಎಂಜಿನಿಯರ್ ಒಬ್ಬರು ಬಂದು ನೋಡಲೇಬೇಕು. ಈ ಮಾತಿನಲ್ಲಿ ನಾನು ಯಾವ ರಿಯಾಯಿತಿಯನ್ನೂ ಕೊಡುವುದಿಲ್ಲ.

ಇನ್ನೂ ಕೆಲವು ಲಕ್ಷಣ ಕಂಡರೆ ಅಲ್ಲಿಗೇ ನಿಲ್ಲಿಸಿ. ಬಿರುಕಿನಲ್ಲಿ ಕಿರುಬೆರಳು ತೂರುವಷ್ಟು ಜಾಗ ಇದೆ. ಬಿರುಕು ಗೋಡೆಯ ಎರಡೂ ಬದಿಗೆ ಕಾಣುತ್ತದೆ, ನೆಲದಲ್ಲೂ ಮುಂದುವರಿದಿದೆ. ಮೊನ್ನೆಯವರೆಗೆ ಸರಾಗವಾಗಿದ್ದ ಬಾಗಿಲು ಈಗ ಚೌಕಟ್ಟಿಗೆ ಸಿಕ್ಕಿಕೊಳ್ಳುತ್ತಿದೆ. ತೂಕದ ಗುಂಡು ಇಳಿಬಿಟ್ಟು ನೋಡಿದರೆ ಗೋಡೆ ಹೊಟ್ಟೆ ಬಿಟ್ಟಿರುವುದು ಸ್ಪಷ್ಟವಾಗಿ ಕಾಣುತ್ತದೆ. ಇವು ಇಟ್ಟಿಗೆಯ ದೋಷಗಳಲ್ಲ, ಕಟ್ಟಡದ ದೋಷಗಳು. ಇಟ್ಟಿಗೆ ಬದಲಿಸಿ ಇವನ್ನು ಸರಿಪಡಿಸಲು ಆಗುವುದಿಲ್ಲ.

ಗೋಡೆಯೊಳಗೆ ವೈರು, ನೀರಿನ ಪೈಪು ಇದೆಯೇ ಪತ್ತೆ ಮಾಡಿ. ಸ್ವಿಚ್ ಬೋರ್ಡಿನಿಂದ ನೇರ ಮೇಲಕ್ಕೂ ಕೆಳಕ್ಕೂ ವೈರು ಇರಬಹುದು ಎಂದೇ ಇಟ್ಟುಕೊಳ್ಳಿ. ಕೆಲಸ ಮಾಡುವಾಗ ಆ ಸಾಲಿನ ಕರೆಂಟು ಮೇನಿನಲ್ಲೇ ಆರಿಸಿ.

ಬಿರುಕು ಏನು ಹೇಳುತ್ತಿದೆ

ಬಿರುಕಿನ ಅಗಲಕ್ಕಿಂತ ಅದರ ದಾರಿ ಮುಖ್ಯ. ಪ್ಲಾಸ್ಟರ್ ಇದ್ದರೆ ಬಿರುಕಿನ ಎರಡು ಕಡೆ ಒಂದಡಿ ಕೆರೆದು ಇಟ್ಟಿಗೆ ಕಾಣುವಂತೆ ಮಾಡಿ. ಎಷ್ಟೋ ಬಿರುಕು ಪ್ಲಾಸ್ಟರ್‌ನಲ್ಲೇ ಮುಗಿದಿರುತ್ತವೆ. ಅಂಥದ್ದಾದರೆ ಗೋಡೆ ಮುಟ್ಟುವ ಅಗತ್ಯವೇ ಇಲ್ಲ.

ಮೆಟ್ಟಿಲು ಮೆಟ್ಟಿಲಾಗಿ, ಸಂದುಗಳನ್ನೇ ಹಿಡಿದು ಓರೆಯಾಗಿ ಹೋದ ಬಿರುಕು ಸಾಮಾನ್ಯವಾಗಿ ಪಾಯ ಒಂದು ಕಡೆ ಇಳಿದಿದೆ ಎಂದು ಹೇಳುತ್ತದೆ. ಬಿರುಕು ಮೇಲೆ ಅಗಲ, ಕೆಳಗೆ ಕಿರಿದಾಗಿದ್ದರೆ ಗೋಡೆಯ ತುದಿ ಇಳಿದಿದೆ. ಕೆಳಗೆ ಅಗಲವಾಗಿದ್ದರೆ ನಡುಭಾಗ ಇಳಿದಿದೆ. ಪಾಯದ ಪಕ್ಕದಲ್ಲಿ ಒಡೆದ ಚರಂಡಿ, ಸೋರುವ ಪೈಪು, ದೊಡ್ಡ ಮರ ಇದೆಯೇ ಹುಡುಕಿ. ಜೇಡಿ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಅಂಥ ನೆಲದಲ್ಲಿ ಬಿರುಕು ಮಳೆಗಾಲಕ್ಕೊಂದು ಅಗಲ, ಬೇಸಿಗೆಗೊಂದು ಅಗಲ ಇರುತ್ತದೆ.

ಚಾವಣಿಯ ಕೆಳಗೆ ಅಡ್ಡಲಾಗಿ, ಉದ್ದಕ್ಕೂ ಹೋದ ಬಿರುಕು ಬೇರೆ ಕಥೆ. ಬಿಸಿಲಿಗೆ ಸ್ಲ್ಯಾಬು ಹಿಗ್ಗಿ ರಾತ್ರಿ ಕುಗ್ಗುವಾಗ ಮೇಲಿನ ವರಸೆಯನ್ನು, ಅಂದರೆ ಇಟ್ಟಿಗೆಯ ಸಾಲನ್ನು, ಎಳೆಯುತ್ತದೆ. ಆ ಬಿರುಕನ್ನು ಗಟ್ಟಿ ಸಿಮೆಂಟಿನಿಂದ ತುಂಬಿದರೆ ಪಕ್ಕದಲ್ಲಿ ಇನ್ನೊಂದು ಬರುತ್ತದೆ. ಅಲ್ಲಿ ಹಿಗ್ಗಿ ಕುಗ್ಗುವ ಸೀಲೆಂಟ್ ಬೇಕು. ಬಿರುಕು ಕಿಟಕಿಯ ಮೂಲೆಯಿಂದ ಓರೆಯಾಗಿ ಹೊರಟರೆ ಲಿಂಟಲ್ (ಕಿಟಕಿಯ ಮೇಲೆ ಗೋಡೆಯ ಭಾರ ಹೊರುವ ಅಡ್ಡತೊಲೆ) ನೋಡಿ. ಅದರ ಕಬ್ಬಿಣ ತುಕ್ಕು ಹಿಡಿದರೆ ಮೊದಲಿಗಿಂತ ಹಲವು ಪಟ್ಟು ಜಾಗ ಕೇಳುತ್ತದೆ. ಆ ಒತ್ತಡಕ್ಕೆ ಮೇಲಿನ ಇಟ್ಟಿಗೆ ಎದ್ದು ಬರುತ್ತದೆ. ಸಂದಿನಲ್ಲಿ ಕಂದು ಕಲೆ ಇದ್ದರೆ ಅನುಮಾನವೇ ಬೇಡ.

ಬಿರುಕು ನೇರವಾಗಿ, ಇಟ್ಟಿಗೆಯನ್ನೇ ಸೀಳಿಕೊಂಡು ಹೋಗಿದೆಯೇ? ಆಗ ಗಾರೆ ಇಟ್ಟಿಗೆಗಿಂತ ಗಟ್ಟಿಯಾಗಿದೆ ಎಂದರ್ಥ. ಗೋಡೆ ಸ್ವಲ್ಪ ಅಲ್ಲಾಡಲು ಜಾಗ ಹುಡುಕಿದಾಗ ಸಂದು ಬಿಟ್ಟುಕೊಡಬೇಕು, ಇಟ್ಟಿಗೆಯಲ್ಲ.

ಬಿರುಕು ಹಳೆಯದೋ, ಈಗಲೂ ಬೆಳೆಯುತ್ತಿದೆಯೋ ತಿಳಿಯಲು ತುಂಬ ಸುಲಭದ ದಾರಿ ಇದೆ. ಬಿರುಕಿನ ಎರಡು ಬದಿಗೆ ಪೆನ್ಸಿಲ್‌ನಲ್ಲಿ ಸಣ್ಣ ಗುರುತು ಹಾಕಿ, ನಡುವಿನ ದೂರವನ್ನು ಅಳೆದು, ತಾರೀಖಿನ ಜೊತೆ ಗೋಡೆಯ ಮೇಲೇ ಬರೆಯಿರಿ. ತಿಂಗಳಿಗೊಮ್ಮೆ ಅಳೆಯಿರಿ. 1 ಮಿ.ಮೀ. ಒಳಗಿನ, ಬೆಳೆಯದ ಬಿರುಕಿಗೆ ಗೋಡೆ ಬಿಚ್ಚುವುದು ಬೇಡ. ಅಗಲ 5 ಮಿ.ಮೀ. ಹತ್ತಿರ ಬಂದರೆ ಹಗುರವಾಗಿ ತೆಗೆದುಕೊಳ್ಳಬೇಡಿ. ಪ್ರತಿ ತಿಂಗಳೂ ಅಂಕಿ ಏರುತ್ತಿದ್ದರೆ ಗೋಡೆ ಇನ್ನೂ ಚಲಿಸುತ್ತಿದೆ. ಚಲಿಸುವ ಗೋಡೆಯನ್ನು ಕಟ್ಟಿ ಪ್ರಯೋಜನವಿಲ್ಲ. ಕೆಳಗಿನ ಕಾರಣ ಮೊದಲು ನಿಲ್ಲಬೇಕು. ಕನಿಷ್ಠ ಒಂದು ಮಳೆ, ಒಂದು ಬಿಸಿಲು ನೋಡಿ ತೀರ್ಮಾನಿಸಿದರೆ ಒಳ್ಳೆಯದು. ಕಾಯುವುದು ಬೇಸರದ ಕೆಲಸ ಅಂತ ಗೊತ್ತು, ಆದರೂ ಕಾಯಿರಿ.

ನೀರಿನ ಜಾಡು

ಇಟ್ಟಿಗೆ ಪುಡಿಯಾಗುತ್ತಿದ್ದರೆ, ಬಿಳಿ ಉಪ್ಪು ಕೂತಿದ್ದರೆ, ಪ್ಲಾಸ್ಟರ್ ತಟ್ಟಿದಾಗ ಟೊಳ್ಳು ಸದ್ದು ಬಂದರೆ ನೀರನ್ನು ಹುಡುಕಿ. ಕಲೆ ಯಾವ ಎತ್ತರದಲ್ಲಿದೆ ಎಂಬುದೇ ಅರ್ಧ ಉತ್ತರ. ನೆಲದಿಂದ ಮೇಲೆ ಮೂರಡಿಯ ಒಳಗೆ, ಉದ್ದಕ್ಕೂ ಒಂದೇ ಮಟ್ಟದಲ್ಲಿ ಇದ್ದರೆ ತೇವ ಕೆಳಗಿನಿಂದ ಏರುತ್ತಿದೆ. ಹೊರಗೆ ಹೋಗಿ ನೋಡಿ. ಮಣ್ಣೋ ಕಾಂಕ್ರೀಟೋ ಗೋಡೆಗೆ ಒತ್ತಿಕೊಂಡು ಏರಿಬಿಟ್ಟಿರುತ್ತದೆ. ಹೊರಗಿನ ನೆಲ, ಗೋಡೆಯೊಳಗಿನ ತೇವ ತಡೆ ಪದರಕ್ಕಿಂತ ಆರು ಇಂಚಾದರೂ ಕೆಳಗಿರಬೇಕು. ಒಂದೇ ಕಡೆ ದೊಡ್ಡ ಮಚ್ಚೆಯಂತಿದ್ದು ಮಳೆ ಬಂದಾಗ ಜಾಸ್ತಿಯಾದರೆ, ನೀರು ಹೊರಗಿನಿಂದ ಹೊಡೆಯುತ್ತಿದೆ ಅಥವಾ ಮೇಲಿನಿಂದ ಸೋರುತ್ತಿದೆ.

ನಮ್ಮಲ್ಲಿ ಆದದ್ದು ಇದೇ. ಚಾವಣಿಯ ನೀರು ಇಳಿಸುವ ಪೈಪಿನ ಹಿಂಬದಿಯಲ್ಲಿ, ಗೋಡೆಯ ಕಡೆಗೆ, ಒಂದು ಜಾಯಿಂಟು ಬಿಟ್ಟುಕೊಂಡಿತ್ತು. ಎದುರಿಗೆ ನಿಂತರೆ ಕಾಣುತ್ತಿರಲಿಲ್ಲ. ಮಳೆ ಸುರಿಯುವಾಗಲೇ ಹೊರಗೆ ಹೋಗಿ ನಿಂತು ನೋಡಿದ ದಿನ ಅದು ಸಿಕ್ಕಿತು. ಒಣ ದಿನದಲ್ಲಿ ನೂರು ಸಲ ನೋಡುವ ಬದಲು ಮಳೆಯಲ್ಲಿ ಒಂದು ಸಲ ನೋಡಿ. ಮಳೆ ಇಲ್ಲದಿದ್ದರೆ ಒಬ್ಬರು ಚಾವಣಿಯ ಮೇಲೆ ನೀರು ಬಿಡಿ, ಇನ್ನೊಬ್ಬರು ಕೆಳಗೆ ನಿಲ್ಲಿ.

ತೇವ ಗೋಡೆಯಿಂದ ಬರುತ್ತಿದೆಯೋ, ಒಳಗಿನ ಗಾಳಿಯದೋ ಎಂಬ ಗೊಂದಲ ಇದ್ದರೆ, ಒಂದಡಿ ಚೌಕದ ಅಲ್ಯೂಮಿನಿಯಂ ಹಾಳೆಯ ನಾಲ್ಕೂ ಅಂಚನ್ನು ಟೇಪಿನಿಂದ ಗಾಳಿ ಆಡದಂತೆ ಗೋಡೆಗೆ ಅಂಟಿಸಿ ಎರಡು ದಿನ ಬಿಡಿ. ಹಾಳೆಯ ಹಿಂದೆ ಹನಿ ಇದ್ದರೆ ಗೋಡೆಯದು. ಕೋಣೆಯ ಕಡೆ ಹನಿ ಕೂತಿದ್ದರೆ ಗಾಳಿಯದು, ಅದಕ್ಕೆ ಕಿಟಕಿ ತೆರೆದರೆ ಸಾಕು.

ಇಲ್ಲಿ ಗಟ್ಟಿ ಸಿಮೆಂಟಿನ ಬಗ್ಗೆ ಒಂದು ಮಾತು. ಸುಣ್ಣದ ಗಾರೆಯಲ್ಲಿ ಕಟ್ಟಿದ ಹಳೆಯ ಗೋಡೆ ಒಳಗೆ ಹೋದ ನೀರನ್ನು ಸಂದುಗಳ ಮೂಲಕ ಹೊರಗೆ ಬಿಡುತ್ತದೆ. ಆ ಸಂದುಗಳನ್ನು ನಾವು ಸಿಮೆಂಟಿನಿಂದ ಬಿಗಿದುಬಿಟ್ಟರೆ ನೀರು ಇಟ್ಟಿಗೆಯ ಮೂಲಕವೇ ಹೊರಬರುತ್ತದೆ, ಉಪ್ಪನ್ನೂ ಜೊತೆಗೆ ತರುತ್ತದೆ. ಆ ಉಪ್ಪು ಇಟ್ಟಿಗೆಯ ಚರ್ಮದ ಕೆಳಗೆ ಹರಳಾಗಿ ಬೆಳೆದು ಮುಖವನ್ನು ಒಡೆದು ತಳ್ಳುತ್ತದೆ. ನನ್ನ ಎರಡನೇ ರಿಪೇರಿ ಮಾಡಿದ ಹಾನಿ ಇದು. ಮೊದಲಿನ ದೋಷಕ್ಕಿಂತ ಅದೇ ದೊಡ್ಡದಾಯಿತು.

ವರ್ಕ್‌ಶಾಪ್‌ಗೇ ಸೇರಿದ ಕಾರಣ

ಮಲಗುವ ಕೋಣೆಯ ಗೋಡೆಗೆ ಯಾರೂ ಸುತ್ತಿಗೆ ಏಟು ಕೊಡುವುದಿಲ್ಲ. ವರ್ಕ್‌ಶಾಪ್ ಗೋಡೆಗೆ ದಿನವೂ ಬೀಳುತ್ತದೆ. ಬೆಂಚನ್ನು ಗೋಡೆಗೆ ಬೋಲ್ಟ್ ಮಾಡಿ ವೈಸ್‌ನಲ್ಲಿ ಕಬ್ಬಿಣ ಬಡಿದರೆ ಆ ಏಟು ನೇರವಾಗಿ ಬೋಲ್ಟ್ ಹಿಡಿದ ಇಟ್ಟಿಗೆಗೆ ಹೋಗುತ್ತದೆ. ಕಂಪ್ರೆಸರ್, ಗ್ರೈಂಡರ್ ಗೋಡೆಯ ಮೇಲೆ ಕೂತಿದ್ದರೂ ಹಾಗೇ. ಮೆಷಿನ್ ಚಾಲೂ ಮಾಡಿ ಗೋಡೆಯ ಮೇಲೆ ಅಂಗೈ ಇಡಿ. ಅದುರುವಿಕೆ ಗೊತ್ತಾದರೆ ಗಾರೆಗೂ ಗೊತ್ತಾಗುತ್ತಿದೆ.

ಶೆಲ್ಫಿನ ಲೆಕ್ಕವೂ ಮಾಡಿ ನೋಡಿ. 40 ಕೆ.ಜಿ. ಸಾಮಾನಿನ ಭಾರ ಗೋಡೆಯಿಂದ 30 ಸೆಂ.ಮೀ. ದೂರದಲ್ಲಿದೆ, ಬ್ರ್ಯಾಕೆಟ್ಟಿನ ಎತ್ತರ 20 ಸೆಂ.ಮೀ. ಎಂದುಕೊಳ್ಳಿ. ಮೇಲಿನ ಬೋಲ್ಟುಗಳನ್ನು ಹೊರಕ್ಕೆ ಎಳೆಯುವ ಬಲ 40 × 30 ÷ 20, ಅಂದರೆ 60 ಕೆ.ಜಿ. ತೂಕದಷ್ಟು. ಬ್ರ್ಯಾಕೆಟ್ ಎತ್ತರ ಮಾಡಿದಷ್ಟೂ ಈ ಎಳೆತ ಕಡಿಮೆ. ಇಟ್ಟಿಗೆಯೊಳಗೆ ಬಿರಿದು ಹಿಡಿಯುವ ಆಂಕರ್ ಬೋಲ್ಟು ಇನ್ನೊಂದು ಅಪಾಯ. ಅದನ್ನು ಇಟ್ಟಿಗೆಯ ಅಂಚಿಗೆ ಹತ್ತಿರ ಹಾಕಿ ಬಿಗಿದರೆ ಇಟ್ಟಿಗೆಯೇ ಸೀಳುತ್ತದೆ.

ಅದುರಿ ಸಡಿಲವಾದ ಜಾಗವನ್ನು ಗುರುತಿಸುವುದು ಹೇಗೆ? ಸಡಿಲ ಇಟ್ಟಿಗೆಗಳು ಬೋಲ್ಟಿನ ಸುತ್ತ ಗುಂಪಾಗಿರುತ್ತವೆ, ಗಾರೆ ಒಣ ಮರಳಿನಂತೆ ಉದುರುತ್ತದೆ, ಉಪ್ಪಾಗಲಿ ತೇವವಾಗಲಿ ಇರುವುದಿಲ್ಲ. ನಮ್ಮ ಗೋಡೆಯಲ್ಲಿ ಎರಡೂ ಇದ್ದವು. ನೀರು ಗಾರೆಯನ್ನು ಮೆತ್ತಗೆ ಮಾಡಿತು, ವೈಸ್ ಅದನ್ನು ಅಲುಗಾಡಿಸಿತು. ಒಂದು ಕಾರಣ ಸಿಕ್ಕಿತೆಂದು ಹುಡುಕುವುದನ್ನು ನಿಲ್ಲಿಸಬಾರದು ಎನ್ನುವುದು ಅದಕ್ಕೇ.

ಬಿಚ್ಚುವುದೂ ತಪಾಸಣೆಯೇ

ಮೇಲಿನಿಂದ ಕೆಳಕ್ಕೆ ಬಿಚ್ಚಿ. ಮೊದಲ ಇಟ್ಟಿಗೆ ಕಷ್ಟ, ಆಮೇಲೆ ಸಲೀಸು. ಅದರ ಸುತ್ತಲಿನ ಸಂದಿನಲ್ಲಿ ಒತ್ತೊತ್ತಾಗಿ ತೂತು ಕೊರೆದು, ಚಪ್ಪಟೆ ಉಳಿಯಿಂದ ಗಾರೆ ತೆಗೆಯಿರಿ. ಅದು ಒಡೆದರೂ ಪರವಾಗಿಲ್ಲ, ಪಕ್ಕದ್ದು ಅಲುಗಬಾರದು. ಡ್ರಿಲ್ಲನ್ನು ಹ್ಯಾಮರ್ ಮೋಡ್‌ಗೆ ಹಾಕಬೇಡಿ. ದೊಡ್ಡ ಸುತ್ತಿಗೆಯಂತೂ ಬೇಡವೇ ಬೇಡ. ಮೂರು ಇಟ್ಟಿಗೆ ತೆಗೆಯಲು ಹೋಗಿ ಹತ್ತು ಸಡಿಲ ಮಾಡಿಕೊಳ್ಳುವುದು ಹೀಗೆಯೇ.

ಇಟ್ಟಿಗೆ ಕತ್ತರಿಸುವಾಗ, ಗಾರೆ ಕೊರೆಯುವಾಗ ಏಳುವ ದೂಳಿನಲ್ಲಿ ಸಿಲಿಕಾ ಇರುತ್ತದೆ. ಅದು ಶ್ವಾಸಕೋಶಕ್ಕೆ ಹೋದರೆ ಹೊರಗೆ ಬರುವುದಿಲ್ಲ. ಬಟ್ಟೆ ಕಟ್ಟಿಕೊಂಡರೆ ಸಾಲದು, ಮುಖಕ್ಕೆ ಬಿಗಿಯಾಗಿ ಕೂರುವ ದೂಳಿನ ಮಾಸ್ಕ್ ಬೇಕು. ನೀರು ಚಿಮುಕಿಸುತ್ತಾ ಕೆಲಸ ಮಾಡಿ, ಕನ್ನಡಕ ಹಾಕಿಕೊಳ್ಳಿ.

ತೆಗೆದ ಪ್ರತಿ ಇಟ್ಟಿಗೆಯನ್ನೂ ತಿರುಗಿಸಿ ಅದರ ತಳ ನೋಡಿ. ಹೊರಗಿನಿಂದ ಎಷ್ಟು ನೋಡಿದರೂ ಸಿಗದ ವಿಷಯ ಅಲ್ಲಿರುತ್ತದೆ. ತಳ ಸ್ವಚ್ಛವಾಗಿ, ಗಾರೆ ಒಂಚೂರೂ ಅಂಟದೆ ಬಂದರೆ, ಕಟ್ಟಿದಾಗ ಒಣ ಇಟ್ಟಿಗೆ ಇಟ್ಟಿದ್ದಾರೆ. ಒಣ ಇಟ್ಟಿಗೆ ಗಾರೆಯ ನೀರನ್ನು ಹೀರಿಬಿಡುತ್ತದೆ, ಗಾರೆ ಅಂಟುವ ಮೊದಲೇ ಸೊರಗುತ್ತದೆ. ಹಾಗಿದ್ದರೆ ದೋಷ ಆ ಒಂದು ಜಾಗದಲ್ಲಿ ನಿಲ್ಲದೆ ಇಡೀ ಗೋಡೆಯಲ್ಲಿರಬಹುದು. ಗಾರೆ ಅರ್ಧ ಜಾಗದಲ್ಲಿ ಮಾತ್ರ ಇದ್ದು ನಡುವೆ ಟೊಳ್ಳಿದ್ದರೆ ಕಟ್ಟಿದವರು ಅವಸರ ಮಾಡಿದ್ದಾರೆ. ಗಾರೆ ಕಪ್ಪಗೆ, ಮೆತ್ತಗೆ, ತಣ್ಣಗಿದ್ದರೆ ನೀರು ಇನ್ನೂ ಬರುತ್ತಲೇ ಇದೆ. ಬೇರಿನ ಎಳೆ, ಇರುವೆ ಗೂಡು, ತುಕ್ಕಿನ ಪದರ, ಎಲ್ಲವೂ ಸುಳಿವೇ. ನಾನು ಪ್ರತಿ ವರಸೆ ತೆಗೆದ ಮೇಲೂ ಒಂದು ಫೋಟೋ ತೆಗೆದಿಟ್ಟೆ. ತೇವದ ಕಲೆ ಮೇಲಿನ ವರಸೆಯಲ್ಲಿ ಅಗಲವಾಗಿ, ಕೆಳಗೆ ಹೋದಂತೆ ಕಿರಿದಾಗುತ್ತಿತ್ತು. ನೀರು ಮೇಲಿನಿಂದ ಬಂದಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಾಗಲಿಲ್ಲ.

ಒಂಬತ್ತಿಂಚಿನ ಗೋಡೆಯಾದರೆ ಇನ್ನೊಂದನ್ನು ನೋಡಿ. ಒಳಮೈ ಹೊರಮೈ ಎರಡನ್ನೂ ಕಟ್ಟಿಹಿಡಿಯಲು ಅಡ್ಡಲಾಗಿ ಇಟ್ಟ ಇಟ್ಟಿಗೆಗಳು ಇರಬೇಕು. ಅವು ಇಲ್ಲದಿದ್ದರೆ, ಅಥವಾ ನಡುವೆ ತುಂಡಾಗಿದ್ದರೆ, ಗೋಡೆಯ ಒಂದು ಮೈ ಮಾತ್ರ ಹೊಟ್ಟೆ ಬಿಡುತ್ತದೆ.

ಗಟ್ಟಿ ಗಾರೆ ಸಿಗುವ ತನಕ ಬಿಚ್ಚುತ್ತಾ ಹೋಗಿ, ಅಲ್ಲಿಂದ ಒಂದು ಇಟ್ಟಿಗೆ ಆಚೆಗೆ ನಿಲ್ಲಿಸಿ. ಅಂಚು ಮೆಟ್ಟಿಲಾಗಿ ಅಥವಾ ಹಲ್ಲುಹಲ್ಲಾಗಿ ಉಳಿಯಲಿ. ಹೊಸದು ಹಳೆಯದನ್ನು ಹಿಡಿದುಕೊಳ್ಳುವುದು ಆ ಹಲ್ಲುಗಳಲ್ಲಿ. ನೇರ ಗೆರೆಯಲ್ಲಿ ಕತ್ತರಿಸಿ ಕಟ್ಟಿದರೆ ಅದೇ ಗೆರೆಯಲ್ಲಿ ಬಿರುಕು ಬರುತ್ತದೆ.

ಆಸರೆಯ ವಿಷಯ. ನಿಂತ ಸಂದಿನ ಮೇಲೆ ಸಂದು ಬರದಂತೆ ಚೆನ್ನಾಗಿ ಕಟ್ಟಿದ ಗೋಡೆಯಲ್ಲಿ ಸಣ್ಣ ತೂತಿನ ಮೇಲಿನ ಇಟ್ಟಿಗೆಗಳು ಕಮಾನಿನಂತೆ ಒಂದನ್ನೊಂದು ಹಿಡಿದುಕೊಳ್ಳುತ್ತವೆ. ಅಡ್ಡಕ್ಕೆ ಎರಡು ಮೂರು ಇಟ್ಟಿಗೆ ತೆಗೆದರೆ ಬೀಳುವುದಿಲ್ಲ. ಆದರೆ ಸಡಿಲ ಗಾರೆಯ ಗೋಡೆಯಲ್ಲಿ ಅದನ್ನೂ ನಂಬಬೇಡಿ. ಅಗಲ ಜಾಸ್ತಿ ಬೇಕಿದ್ದರೆ ತುಂಡು ತುಂಡಾಗಿ ಮಾಡಿ: ಒಂದು ಭಾಗ ಬಿಚ್ಚಿ, ಕಟ್ಟಿ, ಅದು ಗಟ್ಟಿಯಾದ ಮೇಲೆ ಪಕ್ಕದ್ದು. ಅಡ್ಡತೊಲೆ ತೂರಿಸಿ ಎರಡು ಕಡೆ ಜಾಕ್ ಕೊಟ್ಟು ಮೇಲಿನ ಗೋಡೆಯನ್ನು ಹೊರಿಸುವ ಕೆಲಸ ಅನುಭವಸ್ಥ ಮೇಸ್ತ್ರಿಯದು.

ಮತ್ತೆ ಕಟ್ಟುವುದು

ಇಲ್ಲಿಗೆ ಬರುವ ಹೊತ್ತಿಗೆ ಪೈಪು ಸರಿಯಾಗಿರಬೇಕು, ಗೋಡೆ ಒಣಗಿರಬೇಕು. ನಾನು ಪೈಪು ಬದಲಿಸಿ ಐದು ವಾರ ಬಿಟ್ಟೆ.

ಹಳೆಯ ಇಟ್ಟಿಗೆಗಳಲ್ಲಿ ಮರುಬಳಕೆಗೆ ಬರುವವನ್ನು ಆರಿಸಿ. ಎರಡನ್ನು ಒಂದಕ್ಕೊಂದು ತಟ್ಟಿದರೆ ಟಣ್ ಎನ್ನಬೇಕು. ಮಂಕು ಸದ್ದು ಬಂದರೆ ಒಳಗೆ ಸೀಳಿದೆ ಅಥವಾ ಸರಿಯಾಗಿ ಸುಟ್ಟಿಲ್ಲ. ಉಗುರಿನಿಂದ ಗೀರಿದರೆ ಗೆರೆ ಮೂಡಬಾರದು. ಒಂದು ಮುಖ ಮಾತ್ರ ಉದುರಿದ್ದರೆ ತಿರುಗಿಸಿ ಇಡಬಹುದು. ಉಪ್ಪು ತಿಂದದ್ದನ್ನು ಬಿಟ್ಟುಬಿಡಿ. ಹೊಸದು ತರುವಾಗ ಹಳೆಯದರ ಅಳತೆ ತೆಗೆದುಕೊಂಡು ಹೋಗಿ. ಒಂಬತ್ತು, ನಾಲ್ಕೂವರೆ, ಮೂರು ಇಂಚಿನ ಇಟ್ಟಿಗೆಯಾದರೆ ಅರ್ಧ ಇಟ್ಟಿಗೆಯ ಗೋಡೆಗೆ ಚದರ ಮೀಟರಿಗೆ ಸುಮಾರು 50 ಬೇಕು.

ಗಾರೆ ಇಟ್ಟಿಗೆಗಿಂತ ಮೆತ್ತಗಿರಲಿ. ಸಾಧಾರಣ ಗೋಡೆಗೆ ಒಂದು ಪಾಲು ಸಿಮೆಂಟು, ಆರು ಪಾಲು ಮರಳು ಸಾಕು. ಅದಕ್ಕೆ ಒಂದು ಪಾಲು ಸುಣ್ಣ ಸೇರಿಸಿದರೆ ಕರಣೆಗೆ ಹಿತವಾಗಿ ಬರುತ್ತದೆ, ಸಣ್ಣ ಅಲುಗಾಟವನ್ನೂ ತಾಳಿಕೊಳ್ಳುತ್ತದೆ. ಮೆತ್ತನೆಯ ಹಳೆಯ ಇಟ್ಟಿಗೆಗೆ ನಾನು ಬಳಸಿದ್ದು 1:2:9, ಅಂದರೆ ಸಿಮೆಂಟು ಒಂದು, ಸುಣ್ಣ ಎರಡು, ಮರಳು ಒಂಬತ್ತು. ಪೂರ್ತಿ ಸುಣ್ಣದ ಗೋಡೆಯಾದರೆ ಸುಣ್ಣದಲ್ಲೇ ಕಟ್ಟಿ. ಮರಳಿನಲ್ಲಿ ಮಣ್ಣು ಜಾಸ್ತಿ ಇದ್ದರೆ ಇದೆಲ್ಲ ವ್ಯರ್ಥ. ಗಾಜಿನ ಬಾಟಲಿಗೆ ಅರ್ಧ ಮರಳು, ಮೇಲೆ ಉಪ್ಪು ಹಾಕಿದ ನೀರು ತುಂಬಿ, ಚೆನ್ನಾಗಿ ಕುಲುಕಿ ಮೂರು ಗಂಟೆ ಬಿಡಿ. ಮೇಲೆ ಕೂರುವ ನುಣ್ಣನೆಯ ಮಣ್ಣಿನ ಪದರ ಮರಳಿನ ನೂರಕ್ಕೆ ಎಂಟು ಭಾಗ ದಾಟಿದರೆ ತೊಳೆದು ಬಳಸಿ. ಸಿಮೆಂಟಿರುವ ಗಾರೆಯನ್ನು ಎರಡು ಗಂಟೆಯೊಳಗೆ ಮುಗಿಸಿ. ಗಟ್ಟಿಯಾಗತೊಡಗಿದ್ದಕ್ಕೆ ನೀರು ಹಾಕಿ ಮತ್ತೆ ಕಲಸಿದ್ದು ಮುಂದಿನ ದೋಷದ ಬೀಜ. ಸುಣ್ಣ ಮತ್ತು ಸಿಮೆಂಟು ಕೈ ಸುಡುತ್ತವೆ, ಕೈಗವಸು ಬಿಡಬೇಡಿ.

ಸುಟ್ಟ ಮಣ್ಣಿನ ಇಟ್ಟಿಗೆಯನ್ನು ಗುಳ್ಳೆ ಏಳುವುದು ನಿಲ್ಲುವ ತನಕ ನೀರಿನಲ್ಲಿ ನೆನೆಸಿ. ಮೈಮೇಲಿನ ನೀರು ಆರಿದ ಮೇಲೆ ಕಟ್ಟಿ. ಕಾಂಕ್ರೀಟ್ ಬ್ಲಾಕ್ ಆದರೆ ನೆನೆಸಬೇಡಿ, ಅದು ಒಣಗುವಾಗ ಕುಗ್ಗಿ ಬಿರುಕು ಬಿಡುತ್ತದೆ. ಹಳೆಯ ಗೋಡೆಯ ಹಲ್ಲುಗಳಿಗೂ ನೀರು ಹಾಕಿ. ಬಹಳ ಜನ ಮರೆಯುವುದು ಇದನ್ನೇ. ಹೊಸ ಇಟ್ಟಿಗೆ ನೆನೆದಿರುತ್ತದೆ, ಹಳೆಯ ಅಂಚು ಒಣಗಿರುತ್ತದೆ, ಸೇರುವ ಜಾಗದಲ್ಲೇ ಗಾರೆ ಸಾಯುತ್ತದೆ.

ಹಳೆಯ ಗೋಡೆಯ ನಾಲ್ಕು ವರಸೆಯ ಎತ್ತರ ಅಳೆದು ಒಂದು ಪಟ್ಟಿಯ ಮೇಲೆ ಗುರುತು ಮಾಡಿ, ಅದಕ್ಕೆ ಸರಿಯಾಗಿ ಏರಿಸಿ. ಸಂದು ಸುಮಾರು 10 ಮಿ.ಮೀ. ಇರಲಿ. ಪ್ರತಿ ವರಸೆಗೂ ದಾರ ಕಟ್ಟಿ, ರಸಮಟ್ಟ ಇಟ್ಟು ನೋಡಿ. ಇಟ್ಟಿಗೆಯ ಒಂದು ಮುಖದಲ್ಲಿರುವ ಗುಂಡಿ (ತಗ್ಗು) ಮೇಲ್ಮುಖವಾಗಿರಲಿ. ನಿಂತ ಸಂದುಗಳನ್ನೂ ಪೂರ್ತಿ ತುಂಬಿ. ಒಮ್ಮೆ ಕೂತ ಇಟ್ಟಿಗೆಯನ್ನು ಆಮೇಲೆ ತಟ್ಟಿ ಸರಿಸಬೇಡಿ. ಸರಿಯಿಲ್ಲದಿದ್ದರೆ ತೆಗೆದು, ಹೊಸ ಗಾರೆ ಹಾಕಿ ಇಡಿ. ಒಂದೇ ದಿನ ಒಂದೂವರೆ ಮೀಟರಿಗಿಂತ ಹೆಚ್ಚು ಎತ್ತರಿಸಬೇಡಿ.

ಹೊಸ ಗೋಡೆ ಹಳೆಯದನ್ನು ಮೇಲೆ ಮುಟ್ಟುವ ಕೊನೆಯ ಸಂದು ಇಡೀ ಕೆಲಸದ ಪ್ರಾಣ. ಹಸಿ ಗಾರೆ ಆರುವಾಗ ಸ್ವಲ್ಪ ಕುಗ್ಗುತ್ತದೆ. ಅದೇ ದಿನ ಮೇಲಿನ ಸಂದು ತುಂಬಿದರೆ ಅಲ್ಲಿ ಕೂದಲೆಳೆಯಷ್ಟು ಬಿಡುವು ಉಳಿದು, ಮೇಲಿನ ಭಾರ ಹೊಸ ಗೋಡೆಗೆ ಇಳಿಯುವುದೇ ಇಲ್ಲ. ಒಂದೆರಡು ದಿನ ಬಿಡಿ. ಆಮೇಲೆ ಒಂದಕ್ಕೆ ಮೂರರ (ಸಿಮೆಂಟು ಒಂದು, ಮರಳು ಮೂರು) ಗಾರೆಯನ್ನು ಮುಷ್ಟಿಯಲ್ಲಿ ಹಿಡಿದರೆ ಉಂಡೆ ನಿಲ್ಲುವಷ್ಟೇ ನೀರಿನಲ್ಲಿ ಕಲಸಿ, ಮರದ ಪಟ್ಟಿಯಿಂದ ಒಳಕ್ಕೆ ಬಡಿದು ತುಂಬಿ. ಬೇಕಾದರೆ ತೆಳು ಕಲ್ಲಿನ ಚಕ್ಕೆಯನ್ನು ಬೆಣೆಯಾಗಿ ಹೊಡೆಯಿರಿ.

ಏಳು ದಿನ ಗೋಡೆಯನ್ನು ಒದ್ದೆಯಾಗಿಡಿ. ಒದ್ದೆ ಗೋಣಿ ಹೊದಿಸಿದರೆ ಬಿಸಿಲಿಗೆ ಬೇಗ ಒಣಗುವುದಿಲ್ಲ.

ಕಟ್ಟಿದ ಮೇಲೆ ಏನಾದರೂ ಕಂಡರೆ

ಮೊದಲ ಕೆಲವು ವಾರ ಹೊಸ ಇಟ್ಟಿಗೆಯ ಮೇಲೆ ಬಿಳಿ ಪುಡಿ ಕಂಡರೆ ಗಾಬರಿ ಬೇಡ. ಒಣ ಬ್ರಷ್‌ನಿಂದ ಉಜ್ಜಿ ತೆಗೆಯಿರಿ, ನೀರಿನಿಂದ ತೊಳೆಯಬೇಡಿ. ತೊಳೆದರೆ ಉಪ್ಪು ಮತ್ತೆ ಒಳಗೆ ಹೋಗುತ್ತದೆ. ತಿಂಗಳುಗಟ್ಟಲೆ ಬರುತ್ತಲೇ ಇದ್ದರೆ ನೀರು ನಿಂತಿಲ್ಲ. ಹೊಸದು ಹಳೆಯದು ಸೇರುವ ಅಂಚಿನಲ್ಲಿ ಕೂದಲೆಳೆಯ ಬಿರುಕು ಬಂದರೆ ಹಲ್ಲುಗಳಿಗೆ ನೀರು ಹಾಕದ್ದು ಕಾರಣವಿರಬಹುದು. ಬೆಳೆಯದಿದ್ದರೆ ಸಂದು ಕೆರೆದು ತುಂಬಿದರೆ ಸಾಕು. ಉಗುರಿಗೆ ಗಾರೆ ಪುಡಿಯಾಗಿ ಬಂದರೆ ಅದು ಬೇಗ ಒಣಗಿದೆ. ಎರಡು ಮೂರು ಸೆಂ.ಮೀ. ಆಳಕ್ಕೆ ಕೆರೆದು ಮತ್ತೆ ಪಾಯಿಂಟಿಂಗ್ ಮಾಡಿ, ಅಂದರೆ ಸಂದಿಗೆ ಹೊಸ ಗಾರೆ ತುಂಬಿ, ಈ ಸಲ ಒದ್ದೆಯಾಗಿಡಿ. ಮೇಲಿನ ಸಂದಿನಲ್ಲೇ ಗೆರೆ ಬಿಟ್ಟರೆ ಅದನ್ನು ಪೂರ್ತಿ ತೆಗೆದು ಮತ್ತೆ ಬಡಿದು ತುಂಬುವುದೇ ದಾರಿ.

ಬೆಂಚನ್ನು ನಾನು ಮತ್ತೆ ಗೋಡೆಗೆ ಬೋಲ್ಟ್ ಮಾಡಲಿಲ್ಲ. ದಪ್ಪ ಕಾಲು ಕೊಟ್ಟು, ಓರೆ ಪಟ್ಟಿ ಹೊಡೆದು, ಗೋಡೆಯಿಂದ ಎರಡು ಬೆರಳು ದೂರ ನೆಲದ ಮೇಲೇ ನಿಲ್ಲಿಸಿದೆ. ಕಂಪ್ರೆಸರ್ ಕೆಳಗೆ ರಬ್ಬರ್ ಹಾಳೆ ಹಾಕಿದೆ. ಗೋಡೆಯ ಮೇಲೆ ಪೆನ್ಸಿಲ್ ಗುರುತು, ತಾರೀಖು ಹಾಗೇ ಇವೆ. ಮಳೆ ಜೋರಾದ ದಿನ ಈಗಲೂ ಹೊರಗೆ ಹೋಗಿ ಪೈಪಿನ ಹಿಂಬದಿ ನೋಡುತ್ತೇನೆ, ಒಳಗೆ ಬಂದು ಆ ಏಳೆಂಟು ಇಟ್ಟಿಗೆಗಳ ಮೇಲೆ ಅಂಗೈ ಇಡುತ್ತೇನೆ.